ಹಿಂದುಹಿಂದಾಗಿ ಬರುವ ಹಡಗು

ಅಲ್ಲಿಯ ಹಡಗು ದಡಕ್ಕೆ ಮುಖ ಕೊಟ್ಟು ನಿಲ್ಲುವುದಿಲ್ಲ. ದೂರದಿಂದ ಬರುವಾಗ ಮುಖ ಮುಂದೆ ಮಾಡಿಕೊಂಡೇ ಬರುತ್ತದೆ. ಬಿಳಿ ಬಣ್ಣ, ಪಕ್ಕೆಯ ಮೇಲೆ ನೀಲಿ ಅಕ್ಷರ, ನಮ್ಮ ಗಲ್ಲಿಯ ಮನೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದಷ್ಟು ಎತ್ತರ. ಇನ್ನೇನು ದಡ ಸಿಕ್ಕಿತು ಅನ್ನುವಾಗ ಲಂಗರು ಬಿಟ್ಟು, ನಿಂತಲ್ಲೇ ತಿರುಗಿ, ಬೆನ್ನು ತೋರಿಸಿಕೊಂಡು ಹಿಂದುಹಿಂದಾಗಿ ಸರಿಯುತ್ತದೆ. ಅಡಿಯ ನೀರು ನೊರೆನೊರೆಯಾಗುತ್ತದೆ. ದಡ ಮುಟ್ಟುವ ಮೊದಲೇ ಹಿಂಭಾಗದ ಕಬ್ಬಿಣದ ಬಾಗಿಲು ಕೆಳಗಿಳಿಯುತ್ತದೆ. ಒಬ್ಬ ಹಗ್ಗ ಎಸೆಯುತ್ತಾನೆ, ಕೆಳಗಿನವನು ಹಿಡಿದು ಗೂಟಕ್ಕೆ ಸಿಕ್ಕಿಸುತ್ತಾನೆ. ಆಮೇಲೆ ಲಾರಿ, ಮೋಟಾರ್ ಸೈಕಲ್ಲು, ಚಕ್ರದ ಪೆಟ್ಟಿಗೆ ಎಳೆಯುವ ಜನ, ಎಲ್ಲ ಒಟ್ಟಿಗೆ ಹೊರಗೆ ನುಗ್ಗುತ್ತದೆ.

ಗ್ರೀಸ್ ದೇಶದ ಒಂದು ದ್ವೀಪದ ಬಂದರು ಅದು. ನಾನು ಅಲ್ಲಿಗೆ ಹೋದವನಲ್ಲ. ಕಾಶಿಯಲ್ಲಿ, ಕೇದಾರ ಘಾಟಿನ ಹಿಂದಿನ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ, ಕಿಟಕಿಯ ಸರಳಿಗೆ ಒರಗಿಸಿಟ್ಟ ಫೋನಿನಲ್ಲಿ ನೋಡಿದ್ದೇನೆ. ಅಲ್ಲಿ ಯಾವುದೋ ಕಾಫಿ ಅಂಗಡಿಯ ಮಾಳಿಗೆಯ ಮೇಲೆ ಕ್ಯಾಮೆರಾ ಇಟ್ಟಿದ್ದಾರೆ. ಹಗಲೂ ರಾತ್ರಿ ಬಂದರನ್ನು ತೋರಿಸುತ್ತಿರುತ್ತದೆ. ಶಬ್ದವಿಲ್ಲ.

ಆ ದಡದ ಮೇಲೆ ನನ್ನ ತಮ್ಮ ನಿಂತಿರುತ್ತಾನೆ. ಒಂದು ಸಣ್ಣ ಹೋಟೆಲಿನ ಕೆಲಸ ಅವನದು. ಹಡಗಿನಿಂದ ಇಳಿಯುವ ಅತಿಥಿಗಳಿಗೆ ಕಾಣುವಂತೆ ಹೋಟೆಲಿನ ಹೆಸರಿನ ಬೋರ್ಡು ಹಿಡಿದು ನಿಲ್ಲಬೇಕು, ಬಂದವರನ್ನು ವ್ಯಾನು ಹತ್ತಿಸಬೇಕು. ಇಲ್ಲಿದ್ದಾಗ ಅವನು ಘಾಟುಗಳಲ್ಲಿ ವಿದೇಶದವರಿಗೆ ದಾರಿ ತೋರಿಸುತ್ತ ಭಾಷೆ ಕಲಿತವನು. ಹಾಗೆ ಪರಿಚಯವಾದವರೊಬ್ಬರು ಕರೆಸಿಕೊಂಡರು.

ನನ್ನದೂ ಹೆಚ್ಚು ಕಡಿಮೆ ಅದೇ ಕೆಲಸ. ನಮ್ಮದು ಕರ್ನಾಟಕದಿಂದ ಬರುವ ಯಾತ್ರಿಗಳಿಗೆ ತೀರ್ಥಶ್ರಾದ್ಧ ಮಾಡಿಸುವ ಮನೆ. ಅಪ್ಪನ ಮಂತ್ರ ನನಗೆ ಹತ್ತಲಿಲ್ಲ, ಶಾಲೆ ಆರನೇ ತರಗತಿಗೆ ನಿಂತಿತು. ಕನ್ನಡ ಅಕ್ಷರ ತಿದ್ದಿಸಿದವಳು ಅಮ್ಮ. ನಾನು ಸ್ಟೇಷನ್ನಿಗೆ ಹೋಗಿ ಯಾತ್ರಿಗಳನ್ನು ಕರೆತರುತ್ತೇನೆ, ದರ್ಭೆ ಎಳ್ಳು ಹೊಂದಿಸುತ್ತೇನೆ, ದೋಣಿ ಗೊತ್ತು ಮಾಡುತ್ತೇನೆ. ಮಂತ್ರ ಹೇಳುವವರು ಪಕ್ಕದ ಮನೆಯ ಭಟ್ಟರು.

“ಇಬ್ಬರೂ ಬರೋರಿಗೆ ಕಾಯೋ ಕೆಲಸಾನೇ ಹಿಡಿದ್ರಿ. ಅವನಿಗೆ ಬೋರ್ಡಾದ್ರೂ ಕೊಟ್ಟಿದ್ದಾರೆ,” ಅನ್ನುತ್ತಿದ್ದಳು ಅಮ್ಮ.

ಅಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕು. ಫೋನಿನ ಮಾತು ಅವಳಿಗೆ ಉಪಯೋಗವಿಲ್ಲ. ಒಂದೇ ಒಂದು ಸಲ ವಿಡಿಯೋದಲ್ಲಿ ತಮ್ಮನ ಮುಖ ತೋರಿಸಿದೆ. ಕೆನ್ನೆ ಸವರಲು ಹೋಗಿ ಕೆಂಪು ಗುಂಡಿ ಮುಟ್ಟಿ ಕರೆಯನ್ನೇ ಕಡಿದುಬಿಟ್ಟಳು. ಆಮೇಲೆ ಗಳಗಳ ಅತ್ತಳು. “ಮುಖ ಇಷ್ಟು ಹತ್ತಿರ ಬೇಡ ಕಣೋ. ದೂರ ನಿಂತಿದ್ರೆ ಸಾಕು.” ತಮ್ಮ ಕ್ಯಾಮೆರಾದ ವಿಷಯ ಹೇಳಿದ್ದು ಆಗ.

ಅಲ್ಲಿಯ ಮಧ್ಯಾಹ್ನದ ಹಡಗಿಗೆ ಇಲ್ಲಿ ಆರತಿಯ ಹೊತ್ತು ಹತ್ತಿರವಾಗಿರುತ್ತದೆ. ಅಮ್ಮ ಮುಖ ತೊಳೆದು, ಕುಂಕುಮವಿಲ್ಲದ ಹಣೆಗೆ ವಿಭೂತಿ ಹಚ್ಚಿಕೊಂಡು ಫೋನಿನ ಮುಂದೆ ಕೂರುತ್ತಿದ್ದಳು. ದಡದ ನೀಲಿ ಕೊಡೆಯ ಕೆಳಗೆ ಉಗುರಿನಷ್ಟು ಮನುಷ್ಯ, ನನ್ನ ತಮ್ಮ. ಹಡಗಿನ ಬಾಗಿಲು ನೆಲ ಮುಟ್ಟುವಾಗ ಅವನು ಕ್ಯಾಮೆರಾ ಕಡೆ ತಿರುಗಿ, ಬೋರ್ಡನ್ನು ಹಿಂದುಮುಂದು ಮಾಡಿ ತಲೆಯ ಮೇಲೆತ್ತುತ್ತಿದ್ದ. ಅದರ ಬೆನ್ನಿಗೆ ಕನ್ನಡದಲ್ಲಿ ‘ಅಮ್ಮ’ ಎಂದು ಬರೆದಿದ್ದೇನೆ ಅಂದಿದ್ದ. ನಮಗೆ ಬಿಳಿ ಚುಕ್ಕೆ ಮಾತ್ರ ಕಾಣುತ್ತಿತ್ತು.

“ಧಣಿ ಬೈಯಲ್ವೇನೋ ಇವನಿಗೆ?” ಅನ್ನುವಳು. ಅಕ್ಕಿ ಕೊಡಲು ಬಂದ ದೋಣಿಯವನು ಒಮ್ಮೆ ಅವಳ ಹಿಂದೆ ನಿಂತು ಹಡಗು ನೋಡಿದ. “ಅರೇ ಮಾತಾಜೀ, ಯೇ ತೋ ಉಲ್ಟಾ ಆ ರಹಾ ಹೈ!” ಎಂದು ಹಡಗು ಹಿಂದುಮುಂದಾಗಿ ಬರುವುದಕ್ಕೆ ನಕ್ಕ. ಅಮ್ಮನಿಗೆ ಮಾತು ಕೇಳದಿದ್ದರೂ ನಗು ಕಂಡಿತು. “ನಗು, ನಗು. ನಿನ್ನ ದೋಣಿ ನೆಟ್ಟಗೆ ಬಂದೂ ಮೆಟ್ಟಿಲಿಗೆ ಗುದ್ದುತ್ತೆ,” ಎಂದು ಕನ್ನಡದಲ್ಲೇ ಜರೆದಳು.

ಅವಳಿಗೆ ಅನ್ನ ಕಲಸಿ ಕೊಡುತ್ತಿದ್ದವನು ನಾನು. ಮೆಟ್ಟಿಲಿಳಿಸಿ ಗಂಗೆಗೆ ಕರೆದೊಯ್ದು, ಒದ್ದೆ ಸೀರೆ ಹಿಂಡುತ್ತಿದ್ದವನು ನಾನು. ಆದರೆ ಆ ಹೊತ್ತಿನಲ್ಲಿ ನಾನು ಎದುರಿಗೆ ಬಂದರೆ ಕೈಯಿಂದ ಪಕ್ಕಕ್ಕೆ ತಳ್ಳುತ್ತಿದ್ದಳು. “ಆ ಕಡೆ ಸರಿಯೋ, ಹಡಗು ಬರ್ತಿದೆ.”

ನಮ್ಮ ಮನೆತನದಲ್ಲಿ ತಂದೆಯ ಕರ್ಮ ಹಿರಿಯ ಮಗನದು, ತಾಯಿಯದು ಕಿರಿಯನದು. ಅಪ್ಪನದನ್ನು ನಾನು ಮಾಡಿದ್ದೆ. ಅಮ್ಮ ಇದನ್ನು ಮರೆತವಳಲ್ಲ. “ನನ್ನ ಬೆಂಕಿ ಚಿಕ್ಕವನದು. ಬರೋದು ತಡ ಆದ್ರೆ ಐಸಿನ ಮೇಲಿಡಿ. ಎಷ್ಟು ಜನಕ್ಕೆ ಇಟ್ಟಿಲ್ಲ ಈ ಊರಲ್ಲಿ!” ಎಂದು ತಮಾಷೆಯಾಗಿ ಹೇಳುತ್ತಿದ್ದಳು. ತಮಾಷೆ ಅಲ್ಲವೆಂದು ನನಗೆ ಗೊತ್ತಿತ್ತು.

ವೈಶಾಖದಲ್ಲಿ ಅವಳಿಗೆ ಜ್ವರ ಬಂತು, ಎದೆಗೆ ಇಳಿಯಿತು. ಒಂದು ಬೆಳಿಗ್ಗೆ ನಾನು ಗಂಜಿ ತಂದಾಗ ಹೋಗಿಬಿಟ್ಟಿದ್ದಳು.

ಭಟ್ಟರು ಬಂದು ಮೊದಲು ಕೇಳಿದ್ದು, “ಚಿಕ್ಕವನಿಗೆ ಹೇಳಿದ್ಯೇನೋ?”

ಫೋನು ನನ್ನ ಜೇಬಿನಲ್ಲೇ ಇತ್ತು. “ಹತ್ತುತ್ತಾ ಇಲ್ಲ,” ಎಂದೆ.

“ಇನ್ನೊಂದ್ಸಲ ಮಾಡು. ಐಸು ತರಿಸೋಣ.”

“ಅವನಿಗೆ ರಜಾ ಕೊಡಲ್ಲ. ಬಂದ್ರೆ ವಾಪಸ್ ಹೋಗೋಕಾಗಲ್ಲ. ನಾನೇ ಮಾಡ್ತೀನಿ.”

ಅದು ಪೂರ್ತಿ ಸುಳ್ಳಲ್ಲ. ಅಲ್ಲಿ ಪ್ರವಾಸಿಗರ ಕಾಲ ಆಗಷ್ಟೇ ಶುರುವಾಗಿತ್ತು, ಅವನ ಕೆಲಸ ಹೋಗಬಹುದಿತ್ತು. ಆದರೆ ನಾನು ಫೋನು ಮಾಡದಿದ್ದುದಕ್ಕೆ ಕಾರಣ ಅದಲ್ಲ. ಕಡೆಗಾದರೂ ಅವಳು ನನ್ನವಳಾಗಿರಲಿ ಅನ್ನಿಸಿತು. ಹರಿಶ್ಚಂದ್ರ ಘಾಟಿನಲ್ಲಿ ಬೆಂಕಿ ಇಟ್ಟವನು ನಾನು. ಬೂದಿಯನ್ನು ಅಂದೇ ಗಂಗೆಗೆ ಬಿಟ್ಟೆ. ತಮ್ಮನಿಗೆಂದು ಒಂದು ಚಿಟಿಕೆಯನ್ನೂ ಉಳಿಸಲಿಲ್ಲ.

ಮನೆಗೆ ಬಂದಾಗ ಹಡಗಿನ ಹೊತ್ತು. ಅಭ್ಯಾಸದಿಂದ ಕೈ ಫೋನನ್ನು ಕಿಟಕಿಗೆ ಒರಗಿಸಿತು. ಹಡಗು ತಿರುಗಿತು, ಹಿಂದುಹಿಂದಾಗಿ ಬಂತು, ಬಾಗಿಲು ಇಳಿಯಿತು. ತಮ್ಮ ಕ್ಯಾಮೆರಾ ಕಡೆ ತಿರುಗಿ ಬೋರ್ಡು ಎತ್ತಿದ. ಬೋಳುತಲೆಯಲ್ಲಿ ಒದ್ದೆ ಬಟ್ಟೆಯುಟ್ಟು ನಾನು ಅದನ್ನು ನೋಡಿದೆ. ಅಮ್ಮನ ಚಾಪೆಯನ್ನು ಆಗಲೇ ಎತ್ತಿ ಹಾಕಿದ್ದರು.

ಆಗ ನನಗೆ ನಮ್ಮ ಕಸುಬಿನ ಒಂದು ನಿಯಮ ಆಸರೆಯಾಯಿತು. ತಂದೆ ತಾಯಿ ಸತ್ತರೆ ಮಗನಿಗೆ ಸೂತಕ ಹಿಡಿಯುವುದು ಕೇಳಿದ ದಿನದಿಂದ. ಎಷ್ಟು ದೂರವಿರಲಿ, ಎಷ್ಟು ಕಾಲ ಕಳೆದಿರಲಿ, ಕೇಳಿದೊಡನೆ ಉಟ್ಟ ಬಟ್ಟೆಯಲ್ಲೇ ಮುಳುಗು ಹಾಕಿ ಅಲ್ಲಿಂದ ಹತ್ತು ದಿನ ಎಣಿಸಬೇಕು. ಕೇಳದವನಿಗೆ ಸೂತಕವಿಲ್ಲ. ಇದನ್ನು ನಾನು ಎಷ್ಟೋ ಯಾತ್ರಿಗಳಿಗೆ ಸಮಾಧಾನವಾಗಿ ಹೇಳಿದ್ದೆ. ಈಗ ನನಗೇ ಹೇಳಿಕೊಂಡೆ. ತಮ್ಮನಿಗೆ ಏನೂ ಕೆಟ್ಟಿಲ್ಲ, ಅವನ ಮಟ್ಟಿಗೆ ಅಮ್ಮ ಸತ್ತಿಲ್ಲ, ಹೇಳುವ ದಿನ ಹೇಳಿದರಾಯಿತು. ಬೇರೆ ಮನೆಯವನಾಗಿದ್ದರೆ ಇಂಥ ನೆಪ ಹೊಳೆಯುತ್ತಿರಲಿಲ್ಲ.

ಅವನು ಫೋನು ಮಾಡಿ ಕೇಳುವನು, “ನೋಡಿದ್ಲಾ?”

“ನೋಡಿದ್ಲು.”

“ಏನಂದ್ಲು?”

ಏನಾದರೂ ಹೇಳಬೇಕಲ್ಲ. ಮೊದಲ ಸಲ ತಡವರಿಸಿದೆ. “ಬಿಸಿಲಲ್ಲಿ ಕರ್ರಗಾಗಿದ್ದಾನೆ ಅಂದ್ಲು.” ಅವನು ನಕ್ಕ. ಆಮೇಲೆ ಸುಲಭವಾಯಿತು. ಆ ಧಣಿ ಊಟ ಹಾಕ್ತಾನೋ ಇಲ್ವೋ ಅಂದ್ಲು. ಆ ದಪ್ಪ ಹೆಂಗಸಿನ ಪೆಟ್ಟಿಗೆ ನೀನ್ಯಾಕೆ ಹೊತ್ತೆ ಅಂದ್ಲು. ಬರುಬರುತ್ತ ನಾನು ಮಾತು ಕಟ್ಟಬೇಕಾಗಲಿಲ್ಲ. ಹಡಗು ತಿರುಗುವ ಹೊತ್ತಿಗೆ ಮಾತು ತಾನೇ ಬರುತ್ತಿತ್ತು, ಅವಳದೇ ದನಿಯಲ್ಲಿ, ನನ್ನ ಬಲಗಿವಿಯ ಹತ್ತಿರ. ನಾನು ಅವಳ ಕಿವಿಗೆ ಕೂಗುತ್ತಿದ್ದ ಹಾಗೆ. ಒಂದು ಸಂಜೆ ಎದುರಿಗೆ ಕೂತ ನನ್ನನ್ನು ಯಾರೋ ಮೆಲ್ಲಗೆ ಪಕ್ಕಕ್ಕೆ ತಳ್ಳಿದಂತಾಯಿತು. ಸರಿದು ಕೂತೆ. ಅಂದಿನಿಂದ ದಿನವೂ ಫೋನಿನ ಮುಂದೆ ಅಷ್ಟು ಜಾಗ ಬಿಟ್ಟೇ ಕೂರುತ್ತಿದ್ದೆ.

ಹೀಗೆ ಭಾದ್ರಪದ ಬಂತು. ಪಿತೃಪಕ್ಷಕ್ಕೆ ಊರಿನ ಕಡೆಯವರು ತುಂಬಿದರು. ಅವರಲ್ಲಿ ಇಬ್ಬರು ಅಣ್ಣತಮ್ಮಂದಿರು ತಾಯಿಯ ಅಸ್ಥಿ ತಂದಿದ್ದರು. ರೈಲಿಳಿದಾಗಿನಿಂದ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ, ಏನೋ ಜಗಳ. ನಡುನೀರಿನಲ್ಲಿ ದೋಣಿ ನಿಂತಿತು. ಭಟ್ಟರು ಸನ್ನೆ ಮಾಡಿದರು. ಅಣ್ಣ ಮಡಕೆಯನ್ನು ತನ್ನ ತೊಡೆಯಿಂದೆತ್ತಿ ತಮ್ಮನ ಮಡಿಲಲ್ಲಿಟ್ಟ. “ನೀನೇ ಬಿಡು. ಅವಳು ನಿನ್ನವಳು ಕಣೋ, ಮೊದಲಿಂದ್ಲೂ.” ತಮ್ಮ ಮಡಕೆ ಅಪ್ಪಿಕೊಂಡು ಮಗುವಿನ ಹಾಗೆ ಅತ್ತ. ಅಣ್ಣ ಅವನ ಬೆನ್ನ ಮೇಲೆ ಕೈಯಿಟ್ಟು ನೀರು ನೋಡುತ್ತ ಕೂತ.

ದೋಣಿ ಇಳಿದವನೇ ಮನೆಗೆ ಹೋಗಿ ತಮ್ಮನಿಗೆ ಫೋನು ಮಾಡಿದೆ.

“ಅಣ್ಣ, ಹಡಗು ಬರೋ ಹೊತ್ತು. ಬೇಗ ಹೇಳು.”

“ಅಮ್ಮ ಇಲ್ಲ ಕಣೋ.”

“ಎಲ್ಲಿ ಹೋದ್ಲು? ದೇವಸ್ಥಾನಕ್ಕಾ?”

“ಹೋಗಿಬಿಟ್ಲು.”

ಅವನ ಹಿಂದೆ ಗಾಡಿಗಳ ಸದ್ದು ಕೇಳುತ್ತಿತ್ತು. “ಯಾವಾಗ?”

“ವೈಶಾಖದಲ್ಲಿ.”

“ನಿನ್ನೆ ತಾನೆ ಹೇಳಿದ್ಯಲ್ಲಣ್ಣ, ಕೂದಲು ಬೆಳೆಸ್ಕೊಂಡಿದ್ದಾನೆ, ತೆಗೆಸ್ಕೊಳ್ಳೋಕೆ ಹೇಳು ಅಂದ್ಲು ಅಂತ.”

“ಅದು ನಾನು ಹೇಳಿದ್ದು.”

“ಬೆಂಕಿ?”

“ನಾನೇ.”

ಫೋನು ಇಟ್ಟ. ನಾನು ಕಿಟಕಿಯ ಹತ್ತಿರ ಕೂತೆ. ಹಡಗು ಬಂತು, ತಿರುಗಿತು, ಹಿಂದುಹಿಂದಾಗಿ ಸರಿದು ನಿಂತಿತು. ತಮ್ಮ ಎದೆಯ ಮಟ್ಟಕ್ಕೆ ಬೋರ್ಡು ಹಿಡಿದು ನಿಂತಿದ್ದ. ಎತ್ತಲಿಲ್ಲ. ಒಬ್ಬ ಗಂಡಸು, ಒಬ್ಬ ಹೆಂಗಸು, ಎರಡು ಮಕ್ಕಳು ಬಂದರು. ಅವರ ಪೆಟ್ಟಿಗೆಗಳನ್ನು ಒಂದೊಂದಾಗಿ ವ್ಯಾನಿಗೆ ಏರಿಸಿದ, ಬಾಗಿಲು ಹಾಕಿದ. ಹಡಗು ಹೋಯಿತು. ಅವನು ಬೋರ್ಡನ್ನು ವ್ಯಾನಿಗೆ ಒರಗಿಸಿಟ್ಟು, ಮೀನು ದೋಣಿಗಳು ನಿಲ್ಲುವ ಕಡೆಯ ಇಳಿಜಾರಿಗೆ ನಡೆದ. ನಿಲ್ಲಲಿಲ್ಲ. ಅಂಗಿ, ಪ್ಯಾಂಟು, ಬೂಟು ಸಮೇತ ಸಮುದ್ರಕ್ಕಿಳಿದು ಮುಳುಗಿದ. ಎದ್ದ. ಮತ್ತೆ ಮುಳುಗಿದ. ಬಂದರಿನ ಪೊಲೀಸಿನವನು ಓಡಿಬಂದ, ಜನ ಸೇರಿದರು, ಯಾರೋ ಕೈ ಚಾಚಿದರು. ವ್ಯಾನಿನ ಕಿಟಕಿಯಲ್ಲಿ ಎರಡು ಚುಕ್ಕೆ, ಆ ಮಕ್ಕಳ ಮುಖ. ಅಲ್ಲಿದ್ದ ಅಷ್ಟು ಜನಕ್ಕೂ ಅವನಿಗೇನೋ ತಲೆಕೆಟ್ಟಿದೆ ಅನ್ನಿಸಿರಬೇಕು. ಅವನೇನು ಮಾಡುತ್ತಿದ್ದಾನೆಂದು ಗೊತ್ತಿದ್ದವನು ನಾನೊಬ್ಬ, ಇಷ್ಟು ದೂರದಲ್ಲಿ.

ಬಲಗಿವಿಯ ಹತ್ತಿರ ಯಾವ ಮಾತೂ ಬರಲಿಲ್ಲ.

ಹತ್ತು ದಿನ ನೀಲಿ ಕೊಡೆಯ ಕೆಳಗೆ ಬೇರೆ ಯಾರೋ ನಿಂತಿದ್ದ. ಹಡಗುಗಳು ಬಂದವು, ಹೋದವು. ನಾನು ಫೋನು ಮಾಡಿದೆ, ಎತ್ತಲಿಲ್ಲ. ಮಂತ್ರ ಹೇಳುವವರಿಲ್ಲದೆ, ಎಳ್ಳು ದರ್ಭೆ ಇಲ್ಲದೆ ಆ ಕಲ್ಲು ದಡದಲ್ಲಿ ಅವನು ಏನು ಮಾಡಿದನೋ ನನಗೆ ತಿಳಿಯದು. ಊರಿಗೆಲ್ಲ ಇವನ್ನು ಹೊಂದಿಸಿ ಕೊಡುವವನು ನಾನು.

ಅದಾದ ಮೇಲೆ ಒಂದು ಸಂಜೆ ಅವನು ಮತ್ತೆ ಆ ಕೊಡೆಯ ಕೆಳಗೆ ಬಂದ. ತಲೆ ಬೋಳಿಸಿಕೊಂಡಿದ್ದ. ಬಿಸಿಲಿಗೆ ಹೊಳೆಯುತ್ತಿದ್ದುದರಿಂದ ಇಲ್ಲಿಗೂ ಕಂಡಿತು. ಬೋರ್ಡು ಹಿಡಿದು, ಕ್ಯಾಮೆರಾಕ್ಕೆ ಬೆನ್ನು ಮಾಡಿ ಹಡಗಿನ ಕಡೆ ನಿಂತ. ಅಪ್ಪನ ದಹನದ ದಿನ ಅವನಿನ್ನೂ ಸಣ್ಣವನು. ಘಾಟಿನ ಮೆಟ್ಟಿಲು ಹತ್ತುವಾಗ ಮತ್ತೆ ಮತ್ತೆ ತಿರುಗುತ್ತಿದ್ದವನ ಕುತ್ತಿಗೆ ಹಿಡಿದು, ತಿರುಗಿ ನೋಡಬಾರದು ಕಣೋ ಎಂದು ನಡೆಸಿಕೊಂಡು ಬಂದವನು ನಾನು. ಅಂದು ಕಲಿತದ್ದನ್ನು ಅವನು ಮರೆತಿಲ್ಲ.

ಅವನು ನೋಡುವುದಿಲ್ಲ. ನಾನು ದಿನವೂ ಕೂರುತ್ತೇನೆ, ಫೋನಿನ ಮುಂದೆ ಜಾಗ ಬಿಟ್ಟು, ಪಕ್ಕಕ್ಕೆ ಸರಿದು.