ಜಿತೇಶನ ನಿಷ್ಣಾತರು

ಕಾಪುವಿನಿಂದ ಕಾರ್ಕಳದವರೆಗೆ ಎಲ್ಲಿ ಯಾರಿಗೆ ಶಾಲು ಹೊದಿಸುವುದಿದ್ದರೂ ಮೈಕು ಜಿತೇಶನ ಕೈಯಲ್ಲಿ. ಹಗಲು ಉಡುಪಿಯ ಒಂದು ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್‌ಮ್ಯಾನ್, ಸಂಜೆಯಾದರೆ ಜುಬ್ಬಾ ತೊಟ್ಟು ನಿರೂಪಕ. ಗಂಟಲು ಒಳ್ಳೆಯದಿತ್ತು, ಅದನ್ನು ಯಾರೂ ಇಲ್ಲವೆನ್ನುವುದಿಲ್ಲ. ಆದರೆ ಆ ಗಂಟಲಿಗೆ ಒಂದು ಶಬ್ದ ಅಂಟಿಕೊಂಡಿತ್ತು: ನಿಷ್ಣಾತ. ಒಂದು ವಿದ್ಯೆಯಲ್ಲಿ ಮುಳುಗಿ, ಎಡವಿ, ಬೈಸಿಕೊಂಡು, ಕೊನೆಗೆ ಕೈ ತಪ್ಪದ ಹಾಗೆ ಪಳಗಿದವನಿಗೆ ಸಲ್ಲಬೇಕಾದ ಮಾತು. ಜಿತೇಶ ಅದನ್ನು ಮದುವೆ ಮನೆಯ ಶರಬತ್ತಿನಂತೆ ಹಂಚಿದ. ಅನ್ನ ಬೇಯಿಸಲು ಬಾರದ ಕೇಟರಿಂಗಿನವನು ಪಾಕಶಾಸ್ತ್ರ ನಿಷ್ಣಾತ. ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡವನು ಸಂಘಟನೆಯಲ್ಲಿ ನಿಷ್ಣಾತ. ಹೊಳೆಯ ಮರಳು ಕದ್ದು ಮಾರಿದವನೂ ಒಮ್ಮೆ ಪರಿಸರ ವಿಷಯದಲ್ಲಿ ನಿಷ್ಣಾತನಾದ. ಆ ದಿನ ಸಭೆಯಲ್ಲಿ ಒಬ್ಬರೂ ನಗಲಿಲ್ಲ. ನಗದೆ ಕೂತ ಜನರ ಯೋಗ್ಯತೆಯೂ ಅಷ್ಟೇ.

ಮನೆಯಲ್ಲಿ ಅವನ ತಾಯಿ ಕುಶಲಕ್ಕ ಮಲ್ಲಿಗೆ ಕಟ್ಟುತ್ತಿದ್ದರು. ಪಕ್ಕದ ತೋಟದ ಲಿಡ್ವಿನ್ ಬೆಳಿಗ್ಗೆ ಮೊಗ್ಗು ತಂದು ಸುರಿಯುವುದು, ಹೂವಿನ ಗಾಡಿ ಬರುವ ಮೊದಲು ಅದನ್ನು ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿ ಮುಗಿಸುವುದು. ಗಂಡ ಸತ್ತ ಮೇಲೆ ಮಗನನ್ನು ಸಾಕಿದ್ದು ಆ ಬೆರಳುಗಳೇ.

"ನಿನ್ನ ಪ್ರಕಾರ ಊರಲ್ಲಿ ನಿಷ್ಣಾತ ಅಲ್ಲದವರು ಯಾರಾದರೂ ಉಂಟಾ?" ಎಂದು ಅವರು ಒಮ್ಮೆ ಕೇಳಿದ್ದರು.

"ಅದು ವೇದಿಕೆಯ ಭಾಷೆ ಅಮ್ಮ. ನಿನಗೆ ಅದೆಲ್ಲ ತಿಳಿಯುವುದಿಲ್ಲ."

"ತಿಳಿಯುವುದು ಬೇಡ. ನನ್ನನ್ನು ಮಾತ್ರ ಹಾಗೆ ಕರೆಯಬೇಡ. ನಾನು ಬೇಗ ಕಟ್ಟುತ್ತೇನೆ, ಅಷ್ಟೇ."

ಜಿತೇಶ ತಯಾರಿಸಿದ ನಿಷ್ಣಾತರಲ್ಲಿ ಕುಕ್ಕುಂದೂರಿನ ಸುಕೇಶನೂ ಒಬ್ಬ. ಅವನ ತಂದೆ ಮುದ್ದಣ್ಣ ಮುರಿದ ಎಲುಬು ಕೂಡಿಸುತ್ತಿದ್ದವರು. ಮುಟ್ಟಿ ನೋಡಿ, ತನ್ನಿಂದಾಗದ್ದಾದರೆ "ಇದು ಆಸ್ಪತ್ರೆಯ ಕೇಸು, ಹೊರಡಿ" ಎಂದು ಗದರಿಸಿ ಕಳಿಸುತ್ತಿದ್ದರು. ಮಗ ಮಸ್ಕತ್ತಿನಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ತಂದೆ ತೀರಿದ ಮೇಲೆ ಬಂದು ಅದೇ ಜಗಲಿಯಲ್ಲಿ ಎಲುಬು ವೈದ್ಯನ ಬೋರ್ಡು ತೂಗುಹಾಕಿದ. ಒಂದು ಯುವಕ ಸಂಘ ಅವನನ್ನು ಸನ್ಮಾನಕ್ಕೆ ಆರಿಸಿತು. ವೇದಿಕೆಯ ಹಿಂದೆ ಜಿತೇಶ ಕೇಳಿದ್ದ: "ನಿಮ್ಮ ಬಗ್ಗೆ ಎಂತ ಹೇಳಲಿ?"

"ಎಂತದ್ದಾದರೂ ಹೇಳಿ ಮಾರಾಯ್ರೆ. ಸ್ವಲ್ಪ ಜೋರು ಇರಲಿ."

ಜೋರಾಗಿಯೇ ಹೇಳಿದ: "ಅಸ್ಥಿ ಚಿಕಿತ್ಸೆಯಲ್ಲಿ ನಿಷ್ಣಾತರು, ಕರಾವಳಿಯ ಹೆಮ್ಮೆ!" ಚಪ್ಪಾಳೆ ಬಿತ್ತು. ಆ ಸಭೆಯ ವಿಡಿಯೊವನ್ನು ಜಿತೇಶ ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕಿ, ತನ್ನ ದನಿ ತಾನೇ ಕೇಳಿ ಉಬ್ಬಿದ. ಸುಳ್ಳು ಹೇಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತಾನು ಹೇಳಿದ್ದನ್ನು ತಾನೇ ನಂಬುವ ಪೆದ್ದರು ಅವರಿಗಿಂತ ಅಪಾಯ.

ಮಳೆಗಾಲದಲ್ಲಿ ಕುಶಲಕ್ಕ ಬಟ್ಟೆ ಒಗೆಯುವ ಕಲ್ಲಿನ ಬಳಿ ಪಾಚಿಗೆ ಜಾರಿ, ಬಲಗೈ ಊರಿ ಬಿದ್ದರು. ಮಣಿಕಟ್ಟು ಸೊಟ್ಟಗಾಯಿತು. ಲಿಡ್ವಿನ್ ಓಡಿ ಬಂದು ಕಾರು ತೆಗೆದ.

"ಮಣಿಪಾಲಕ್ಕೆ ಹೋಗುವ. ಮೊದಲು ಎಕ್ಸ್‌ರೇ ಆಗಲಿ."

"ಬೇಡ, ಕುಕ್ಕುಂದೂರಿಗೆ," ಎಂದ ಜಿತೇಶ. "ಸುಕೇಶಣ್ಣ ಈ ಕೆಲಸದಲ್ಲಿ ನಿಷ್ಣಾತ."

"ಯಾರು ಹೇಳಿದ್ದು?"

ಹೇಳಿದ್ದು ತಾನೇ ಎಂಬುದು ಜಿತೇಶನ ತಲೆಗೆ ಆಗಲೂ ಹೋಗಲಿಲ್ಲ. "ಇಡೀ ಊರೇ ಹೇಳ್ತದೆ ಮಾರಾಯ!" ಎಂದು ರೇಗಿದ.

ಸುಕೇಶ ಕೈಯನ್ನು ಎಳೆದ. ಕುಶಲಕ್ಕ ಕಿರುಚಿದ್ದು ರಸ್ತೆಗೆ ಕೇಳಿಸಿತು. ಸೊಪ್ಪು ಅರೆದು ಮೆತ್ತಿ, ಬಿದಿರಿನ ದಬ್ಬೆ ಇಟ್ಟು, ಬಟ್ಟೆ ಸುತ್ತಿದ. ಗೋಡೆಯಲ್ಲಿ ಸನ್ಮಾನದ ಫೋಟೊ ಇತ್ತು. ಶಾಲಿನ ಪಕ್ಕ ಜಿತೇಶ, ಹಲ್ಲು ಕಿಸಿದುಕೊಂಡು.

ವಾರಗಳು ಕಳೆದು ಕಟ್ಟು ಬಿಚ್ಚಿದಾಗ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿತ್ತು. ಹೆಬ್ಬೆರಳು ತೋರುಬೆರಳು ಸೇರಿ ನಾರನ್ನು ಹಿಡಿಯುತ್ತಿರಲಿಲ್ಲ. ಆಗ ಹೋದರು ಮಣಿಪಾಲಕ್ಕೆ. ಎಲುಬಿನ ಡಾಕ್ಟರಮ್ಮ ಎಕ್ಸ್‌ರೇ ನೋಡಿ, ಪುನಃ ಮುರಿದು ಪ್ಲೇಟು ಹಾಕಬೇಕು ಎಂದರು. ಜಿತೇಶ ಅವರ ಮೇಜಿನ ಕಡೆ ಬಗ್ಗಿದ.

"ಮೇಡಂ, ನೀವು ಇದರಲ್ಲಿ... ನಿಷ್ಣಾತರಾ?"

ಅಷ್ಟು ವರ್ಷದಲ್ಲಿ ಅವನು ಆ ಶಬ್ದವನ್ನು ಅರ್ಥ ತಿಳಿದು ಆಡಿದ್ದು ಅದೇ ಮೊದಲು. ಹೆದರಿಕೆ ಹುಟ್ಟಿದ ಮೇಲೆ ಅರ್ಥವೂ ಹುಟ್ಟಿತು.

"ಇಂಥ ಕೈ ತುಂಬ ಮಾಡಿದ್ದೇನೆ," ಎಂದರು ಡಾಕ್ಟರಮ್ಮ. "ಆದರೆ ಮೊದಲಿನ ಹಾಗೇ ಆಗ್ತದೆ ಅಂತ ಮಾತು ಕೊಡುವುದಿಲ್ಲ. ಅವತ್ತೇ ಬಂದಿದ್ದರೆ ಕೊಡುತ್ತಿದ್ದೆ."

ಪ್ಲೇಟು ಹಾಕಿಸಿದರೂ ಕೈ ಪೂರ್ತಿ ನೆಟ್ಟಗಾಗಿ ಮೊದಲಿನ ಹಾಗೆ ಆಗಲಿಲ್ಲ. ಕುಶಲಕ್ಕ ಈಗ ಅನ್ನ ಕಲಸಬಲ್ಲರು, ಸೆರಗು ಸಿಕ್ಕಿಸಬಲ್ಲರು. ಮಲ್ಲಿಗೆ ಕಟ್ಟಿದರೆ ಗಂಟು ಸಡಿಲವಾಗಿ ಹೂ ಉದುರುತ್ತದೆ. ಲಿಡ್ವಿನ್ ಒಂದಷ್ಟು ದಿನ ದಾಕ್ಷಿಣ್ಯಕ್ಕೆ ಮೊಗ್ಗು ತಂದ. ಕೊನೆಗೆ ಕುಶಲಕ್ಕನೇ, "ತರಬೇಡ ಲಿಡ್ವಿನ್, ಮಾಲು ಹಾಳು," ಎಂದರು.

ಅಷ್ಟರಲ್ಲಿ ಕಾರ್ಕಳದಿಂದ ಕರೆ ಬಂತು. ಇನ್ನೊಂದು ಸಂಘ, ಇನ್ನೊಂದು ಶಾಲು, ಅದೇ ಸುಕೇಶ. ನಿರೂಪಣೆಗೆ ಜಿತೇಶನೇ ಆಗಬೇಕಂತೆ. ಇಲ್ಲವೆನ್ನುವ ಗಂಡಸುತನ ಅವನಿಗಿರಲಿಲ್ಲ. ತಾಯಿಯ ಮುಖ ನೋಡಿದ.

"ಹೋಗು," ಎಂದರು ಕುಶಲಕ್ಕ. "ನಾನೂ ಬರ್ತೇನೆ."

ಮುಂದಿನ ಸಾಲಿನಲ್ಲಿ ಕೂತು ಸೊಟ್ಟ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು. ಸುಕೇಶ ವೇದಿಕೆಯಲ್ಲಿ ಪೇಟ ಸರಿಪಡಿಸಿಕೊಳ್ಳುತ್ತಿದ್ದ. ಆ ಕೈಯನ್ನು ಕಂಡರೂ ಕಾಣದವನಂತೆ ಕೂತ. ಜಿತೇಶ ಮೈಕು ಹಿಡಿದ. ಶಬ್ದ ನಾಲಿಗೆಯ ತುದಿಗೆ ಬಂತು, ನಿಂತಿತು. ಸಭೆ ಕಾಯುತ್ತಿತ್ತು.

"ಕುಕ್ಕುಂದೂರಿನ ಮುದ್ದಣ್ಣನವರು ಎಲುಬು ಕೂಡಿಸುವುದರಲ್ಲಿ ನಿಷ್ಣಾತರಾಗಿದ್ದರು," ಎಂದ. "ಇವರು... ಅವರ ಮಗ."

ಅಷ್ಟೇ. ಚಪ್ಪಾಳೆ ಬಿತ್ತು. ಸುಕೇಶ ಕೈಮುಗಿದ. ಕಾರ್ಯದರ್ಶಿ ಬಂದು, "ಚಿಕ್ಕದಾಗಿ ಚೊಕ್ಕವಾಗಿ ಹೇಳಿದಿರಿ," ಎಂದು ಬೆನ್ನು ತಟ್ಟಿದ. ಆ ಸಭೆಯಲ್ಲಿ ಜಿತೇಶ ನಿಲ್ಲಿಸಿದ ಜಾಗ ಗೊತ್ತಾದದ್ದು ಒಬ್ಬರಿಗೆ ಮಾತ್ರ.

ಬಸ್ಸಿನಲ್ಲಿ ಅವನು ತಾನೊಂದು ದೊಡ್ಡ ಸಾಹಸ ಮಾಡಿದವನಂತೆ ಎದೆ ಸೆಟೆಸಿ ಕೂತಿದ್ದ. ಏನಾದರೂ ಹೇಳಲಿ ಎಂದು ತಾಯಿಯ ಕಡೆ ತಿರುಗಿದ. ಕುಶಲಕ್ಕ ಎಡಗೈಯಲ್ಲಿ ಕಂಬಿ ಹಿಡಿದು ಹೊರಗೆ ನೋಡುತ್ತಿದ್ದರು.

"ಅರ್ಧ ಹೇಳಿದೆ," ಎಂದರು. "ಇನ್ನರ್ಧ ಹೇಳಲು ನನ್ನ ಈ ಕೈಯೂ ಮುರಿಯಬೇಕಾ?"