ಗೇಜಿನ ಫಕೀರಪ್ಪ ಕಾಕಾ

ಫಕೀರಪ್ಪ ಕಾಕಾ ಯಾವುದನ್ನೂ ನೋಡಿದ ಕೂಡಲೇ ನಂಬುತ್ತಿರಲಿಲ್ಲ. ಮೊದಲು ತೋರುಬೆರಳಿನ ಉಗುರಿನಿಂದ ಟಕ್ ಎಂದು ಬಡಿಯಬೇಕು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಎಲ್ಲರೂ ಬಡಿಯುತ್ತಾರೆ. ಇವರು ಬದನೆಕಾಯಿಯನ್ನೂ ಬಡಿಯುತ್ತಿದ್ದರು. ನರಗುಂದದ ಕಾಯಿಪಲ್ಲೆ ಮಾರುವ ಹೆಂಗಸರು ಮುಖ ತಿರುಗಿಸಿ ನಗುತ್ತಿದ್ದರು.

ಅವರು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯಲ್ಲಿ ಬಾಯ್ಲರ್ ಕಾಯುವವರು. ನಾನು ಐವತ್ತರ ದಶಕದ ಮೊದಲಲ್ಲಿ ಅಸೂಟಿಯಿಂದ ಮದುವೆಯಾಗಿ ಬಂದು ಅವರ ಪಕ್ಕದ ಮನೆ ಸೇರಿದವಳು. ನನ್ನ ಯಜಮಾನರು ಕಾಳಿನ ವ್ಯಾಪಾರಕ್ಕೆಂದು ರೋಣ, ಗಜೇಂದ್ರಗಡ ಅಲೆಯುತ್ತಿದ್ದರು. ಮನೆಯಲ್ಲಿ ನಾನು, ನನ್ನ ಒಲೆ. ಆಚೆ ಮನೆಯಲ್ಲಿ ಕಾಕಾ ಒಬ್ಬರೇ. ಅವರ ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು. ಕೆಲಸಕ್ಕೆ ಹೊರಟಾಗ ನಮ್ಮ ಬಾಗಿಲನ್ನೂ ಉಗುರಿನಿಂದ ಬಡಿದು ಕೇಳುವರು:

“ಆರಾಮ ಅದೀ ಏನ, ತಂಗಿ?”

“ಆರಾಮ ಅದೀನ್ರಿ, ಕಾಕಾ.”

ಅಷ್ಟಕ್ಕೇ ಹೋಗುತ್ತಿರಲಿಲ್ಲ. ಮತ್ತೊಮ್ಮೆ ಬಡಿದು, “ಖರೇ ಹೇಳು, ಆರಾಮ ಅದೀ?” ಎನ್ನುತ್ತಿದ್ದರು. ಮುದುಕರಿಗೆ ಕಿವಿ ಮಂದ ಎಂದುಕೊಂಡಿದ್ದೆ. ಒಂದು ದಿನ ಎರಡನೆಯ ಪ್ರಶ್ನೆಗೆ ಉತ್ತರದ ಬದಲು ಅಳು ಬಂತು. ಕಾಕಾ ಬುದ್ಧಿ ಹೇಳಲಿಲ್ಲ. ಹೊಸ್ತಿಲ ಹೊರಗೆ ಕುಕ್ಕರುಗಾಲಲ್ಲಿ ಕೂತು, ನಾನು ಅತ್ತು ಮುಗಿಸುವವರೆಗೆ ಕಾದು, “ನಾಳಿಂದ ಮಧ್ಯಾಹ್ನ ನನಗ ಎರಡ ರೊಟ್ಟಿ ಕಾರ್ಖಾನಿಗೆ ತಗೊಂಡ ಬಾ. ಹೊರಗ ಬಂದ್ರ ನಾಕ ಮಂದಿ ಮಾರಿ ಕಾಣ್ತಾವು,” ಎಂದರು.

ಹಾಗೆ ನಾನು ಗೇಜು ನೋಡಿದ್ದು. ಬಾಯ್ಲರಿನ ಒಳಗೆ ಉಗಿಯ ಒತ್ತಡ ಎಷ್ಟಿದೆಯೆಂದು ತೋರಿಸುವ, ಗಡಿಯಾರದಂಥ ದುಂಡು ಮುಖ. ಮುಳ್ಳು ಮಾತ್ರ ಒಂದೇ. ಕೆಟ್ಟುಹೋದ ಹಳೆಯದೊಂದನ್ನು ಬಿಚ್ಚಿ ತೋರಿಸಿದರು.

“ಇದು ಹಿತ್ತಾಳಿ ನಳಿಗಿ. ಕುಡಗೋಲಿನಂಗ ಬಾಗೇತಿ, ತುದಿ ಮುಚ್ಚೇತಿ. ಉಗಿ ಕೊಳವ್ಯಾಗಿನ ನೀರ ನೂಕತೈತಿ, ನೀರು ಇದರಾಗ ಹೊಕ್ಕು ಇದನ್ನ ನೆಟ್ಟಗ ಮಾಡಾಕ ನೋಡತೈತಿ. ಒಂದ ಕೂದಲೆಳಿ ನೆಟ್ಟಗಾದ್ರ ಸಾಕು, ಈ ಕಡ್ಡಿ ಹಲ್ಲಿನ ಗಾಲಿ ಎಳೀತೈತಿ, ಮುಳ್ಳು ಏರತೈತಿ. ಉಗಿ ಇಳೀತಂದ್ರ ಮತ್ತ ಬಾಗತೈತಿ.”

“ಮತ್ತ ಬಡಿಯೂದ್ಯಾಕ್ರಿ?”

“ಹಲ್ಲಿನಾಗ ಧೂಳ ಕುಂತ್ರ ಮುಳ್ಳು ಇದ್ದಲ್ಲೇ ನಿಂದರತೈತಿ. ಒಳಗೊಂದು, ಹೊರಗೊಂದು. ಬಡದ ಮ್ಯಾಲ ಖರೇ ಹೇಳತೈತಿ.”

ಇನ್ನೊಂದು ಮಧ್ಯಾಹ್ನ ಅದು ನನ್ನ ಕಣ್ಣೆದುರೇ ಆಯಿತು. ಮುಳ್ಳು ಅಪಾಯದ ಕೆಂಪು ಗೆರೆಯ ಕೆಳಗೆ ಬಹಳ ಸಾಧುವಾಗಿ ನಿಂತಿತ್ತು. ಕಾಕಾ ಬಡಿದರು, ಮುಳ್ಳು ಜಿಗಿದು ಗೆರೆ ದಾಟಿತು. ಕೈಯಲ್ಲಿದ್ದ ರೊಟ್ಟಿ ಎಸೆದು ಓಡಿ ಉಗಿ ಹೊರಗೆ ಬಿಟ್ಟರು, ಬಾಯ್ಲರಿನ ಒಲೆಯ ಬೆಂಕಿ ಎಳೆದು ಹಾಕಿದರು. ಆ ಭೋರ್ಗರೆತ ನಿಂತ ಮೇಲೆ, ಬೆವರು ಒರೆಸಿಕೊಳ್ಳುತ್ತ, ನಾನು ಕೇಳದೆಯೇ ಹೇಳಿದರು:

“ನಿಮ್ಮ ಕಾಕೂಗ ಜ್ವರಾ ಬಂದಿತ್ತು. ಆರಾಮ ಅದೀ ಏನ ಅಂದೆ. ಹೂಂ ಅಂದ್ಲು. ಕೆಲಸಕ್ಕ ಬಂದೆ. ದಿನಾ ಈ ಗಾಜ ಬಡೀತಿದ್ದೆ ನೋಡು, ಆಕೀನ್ನ ಎರಡನೇ ಸಲಾ ಕೇಳಲಿಲ್ಲ. ಸಂಜೀಕ ಮನೀಗೆ ಹೋಗೂದ್ರಾಗ ಮುಗದಿತ್ತು.”

ಬಿದ್ದ ರೊಟ್ಟಿ ಎತ್ತಿ ಧೂಳು ಝಾಡಿಸಿದೆ.

ದಶಕ ಮುಗಿಯುವ ಹೊತ್ತಿಗೆ ಕಾರ್ಖಾನೆಗೆ ಎಣ್ಣೆ ಇಂಜಿನ್ ಬಂತು, ಬಾಯ್ಲರ್ ಆರಿತು. ಕಾಕಾ ಸ್ವಲ್ಪ ದಿನ ಅದರ ಮುಂದೆ ಸುಮ್ಮನೆ ಕೂತು ಬರುತ್ತಿದ್ದರು. ಆಮೇಲೆ ಗಜೇಂದ್ರಗಡದಿಂದ ತಮ್ಮನ ಮಗ ಬಂದು ಕರೆದ. “ಮೊಮ್ಮಕ್ಕಳದಾವು, ಬಿಸಿ ರೊಟ್ಟಿ ಐತಿ, ನನಗೇನ ಕಡಿಮಿ?” ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದರು. ಓಣಿ ನಂಬಿತು. ನಾನು ಮಾತ್ರ ನಂಬಲಿಲ್ಲ.

ಕಳಿಸಲು ಹೋದಾಗ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದರು.

“ಆರಾಮ ಅದೀರೇನ್ರಿ, ಕಾಕಾ?”

“ಭಾಳ ಆರಾಮ ಅದೀನಿ, ತಂಗಿ.” ಬಾಯಿ ತುಂಬ ನಗುತ್ತಿದ್ದರು.

ನಾನು ಬಸ್ಸಿನ ತಗಡನ್ನು ಉಗುರಿನಿಂದ ಬಡಿದೆ. ನಗು ಅಲ್ಲೇ ಇಳಿಯಿತು.

“ಇಲ್ಲ, ತಂಗಿ,” ಎಂದರು. “ಆಕಿ ಇದ್ದ ಮನಿ ಬಿಟ್ಟ ಹೊಂಟೀನಿ.”

“ಇಳೀರಿ ಕಾಕಾ. ಎರಡ ರೊಟ್ಟಿ ನಾ ಹಾಕ್ತೀನಿ.”

ಒಳಗೆ ಗಂಟು ಜೋಡಿಸುತ್ತಿದ್ದ ತಮ್ಮನ ಮಗನ ಕಡೆ ನೋಡಿ ಆಗದು ಎಂಬಂತೆ ತಲೆಯಾಡಿಸಿದರು. “ಕೇಳಿದ್ಯಲ್ಲ, ಅಷ್ಟ ಸಾಕು.”

ಬಸ್ಸು ಹೊರಟಿತು. ಅವರನ್ನು ಮತ್ತೆ ನೋಡಲಿಲ್ಲ.

ಈಗಲೂ ಬಾಗಿಲು ಬಡಿದು ಆರಾಮವೇ ಎಂದು ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಆರಾಮ ಎನ್ನುತ್ತೇನೆ. ಸರಿ ಎಂದು ಹೋಗಿಬಿಡುತ್ತಾರೆ.