ಸುಣ್ಣಕಲ್ಲಿನ ದಾರಿಯಲ್ಲಿ ಇಲ್ಲದ ಹರಕೆ

ನಮ್ಮ ಕಡೆ ಹೆಂಗಸೊಬ್ಬಳು ಸುಮ್ಮನೆ ನಡೆದು ಹೋಗುವ ಹಾಗಿಲ್ಲ. ನಡೆಯುತ್ತಿದ್ದಾಳೆ ಎಂದರೆ ಬಸ್ಸು ತಪ್ಪಿರಬೇಕು, ಇಲ್ಲವೇ ಮನೆಯಲ್ಲಿ ಜಗಳವಾಗಿರಬೇಕು.

ಸ್ಕೂಟರಿನಿಂದ ಬಿದ್ದು ಕಾಲು ಮುರಿದು, ರಾಡು ಹಾಕಿಸಿಕೊಂಡು ವರ್ಷವಾಗಿತ್ತು. ಅಷ್ಟೂ ದಿನ ಏಳುವಾಗ ಒಬ್ಬರು, ಕೂರುವಾಗ ಇನ್ನೊಬ್ಬರು ನನ್ನ ರಟ್ಟೆ ಹಿಡಿದೇ ಇದ್ದರು. ರೋಸಿಹೋಗಿದ್ದೆ. ಬೇಗೂರಿನ ನಮ್ಮ ಮನೆಯಿಂದ ಭೀಮನಬೀಡಿನ ಅಕ್ಕನ ಮನೆಗೆ, ಹೊಲಗಳ ನಡುವಿನ ಸುಣ್ಣಕಲ್ಲಿನ ದಾರಿಯಲ್ಲಿ, ಯಾರ ಕೈಯನ್ನೂ ಹಿಡಿಯದೆ ಒಮ್ಮೆ ನಡೆದುಬಿಡಬೇಕು. ಆಗದಿದ್ದರೆ ಈ ಕಾಲು ಇನ್ನು ಇಷ್ಟೇ ಎಂದು ಒಪ್ಪಿಕೊಳ್ಳುವುದು. ಹಾಗೆಂದು ಬೆಳಿಗ್ಗೆಯೇ ಬೂಟು ಕಟ್ಟಿಕೊಂಡು ಹೊರಟೆ.

ಊರು ದಾಟುವುದರೊಳಗೆ ಶುರುವಾಯಿತು. ಬೈಕು ನಿಲ್ಲಿಸಿ ಹತ್ತಿ ಎನ್ನುವವರು, ಟ್ರ್ಯಾಕ್ಟರಿನಲ್ಲಿ ಈರುಳ್ಳಿ ಮೂಟೆ ಸರಿಸಿ ಜಾಗ ಮಾಡುವವರು. ಬೇಡ ಎಂದರೆ ಮುನಿಸು. ನಡೆಯುವುದಕ್ಕೇ ಬಂದಿದ್ದೇನೆ ಎಂದರೆ ನನ್ನ ತಲೆ ಸರಿಯಿದೆಯೇ ಎಂಬ ಅನುಮಾನ. ಕೊನೆಗೊಬ್ಬ ಹಾಲಿನವನು ಪಕ್ಕದಲ್ಲೇ ಗಾಡಿ ಉರುಳಿಸಿಕೊಂಡು ಬಿಡದೆ ಕಾಡಿದಾಗ, ಹರಕೆ ಕಣಪ್ಪ ಎಂದುಬಿಟ್ಟೆ.

ಅವನು ತಟ್ಟನೆ ಕೈಮುಗಿದ. ಆಮೇಲೆ ನನ್ನ ಕಾಲು ನೋಡಿದ.

"ಅರಕೆ ಅಂತೀರಿ, ಬೂಟ್ ಆಕ್ಕೊಂಡು ನಡೆದಾರೇನಕ್ಕ?"

ನಾನು ಅದನ್ನು ತೆಗೆಯುವ ತನಕ ಅವನು ಕದಲಲಿಲ್ಲ. ಬೂಟನ್ನು ಚೀಲಕ್ಕೆ ತುರುಕಿ ಬರಿಗಾಲಲ್ಲಿ ಹೊರಟೆ. ದಾರಿಯ ಬಿಳಿ ಸುಣ್ಣಕಲ್ಲಿನ ಹರಳುಗಳು ಒಂದೊಂದೂ ಅಂಗಾಲಿಗೆ ಚುಚ್ಚಿದವು. ಅವನು ಮರೆಯಾದ ಮೇಲೆ ಹಾಕಿಕೊಂಡರಾಯಿತು ಅಂದುಕೊಂಡರೆ, ಆ ಪುಣ್ಯಾತ್ಮ ಮುಂದೆ ಹೋಗಿ ದಾರಿಯುದ್ದಕ್ಕೂ ಡಂಗುರ ಸಾರಿದ್ದ. ಹೊಲಹೊಲದಲ್ಲೂ ಜನ ಕಳೆ ಕೀಳುವುದು ಬಿಟ್ಟು ನನ್ನ ಪಾದವನ್ನೇ ನೋಡುತ್ತಿದ್ದರು. ಹಾಲಿನವನನ್ನೂ ನನ್ನ ನಾಲಿಗೆಯನ್ನೂ ಶಪಿಸುತ್ತ ನಡೆದೆ.

ಭೀಮನಬೀಡು ಕಾಣುವ ಹೊತ್ತಿಗೆ ಮುದುಕಿಯೊಬ್ಬಳು ಬಿಂದಿಗೆ ಹಿಡಿದು ಬದುವಿನ ಮೇಲೆ ಕಾದಿದ್ದಳು. ಹರಕೆ ಹೊತ್ತು ನಡೆಯುವವರ ಕಾಲು ತೊಳೆಯುವುದು ಇಲ್ಲಿನ ವಾಡಿಕೆ. ಬೇಡವೆಂದರೂ ಕೇಳದೆ, ಕಲ್ಲಿನ ಮೇಲೆ ಕೂರು ಎಂದು ಗದರಿ ನೀರು ಹುಯ್ದಳು. ನನ್ನ ಸೀರೆ ಸರಿದು ಕಾಲಿನ ಹೊಲಿಗೆಯ ಗುರುತು ಕಂಡಿತು. ಅದರ ಮೇಲೆ ಬೆರಳಾಡಿಸಿ, ಏನು ಹರಕೆ ಎಂದು ಕೇಳಿದಳು. ಇನ್ನೊಂದು ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. ಯಾರೂ ಕೈ ಹಿಡಿಯದೆ ಅಕ್ಕನ ಮನೆ ಮುಟ್ಟಬೇಕು, ಅಷ್ಟೇ ಎಂದೆ.

ಏಳಲು ಹೋದರೆ ಕಾಲು ಸೆಟೆದುಕೊಂಡಿತ್ತು. ಮುದುಕಿಯ ಕೈ ತಾನಾಗಿ ಮುಂದೆ ಬಂತು. ಹಿಡಿದೇಬಿಡುತ್ತಿದ್ದೆ. ಅಷ್ಟರಲ್ಲಿ ಅವಳೇ ಅದನ್ನು ಹಿಂದಕ್ಕೆಳೆದು ಸೆರಗಿನೊಳಗೆ ಇಟ್ಟುಕೊಂಡಳು.

"ನಿನ್ ಕೈ ನಾ ಇಡಿಯಾಕಿಲ್ಲ ಕಣವ್ವ. ನಿಧಾನಕ್ಕೆ ನೀನೇ ಏಳು."

ನೆಲಕ್ಕೆ ಕೈಯೂರಿ, ಮನಸ್ಸಿನಲ್ಲೇ ಅವಳನ್ನು ಬಯ್ಯುತ್ತ, ನಾನೇ ಎದ್ದೆ. ಇಡೀ ವರ್ಷದಲ್ಲಿ ನನ್ನನ್ನು ಏಳಲು ಬಿಟ್ಟವಳು ಅವಳೊಬ್ಬಳೇ.